ಮಾಡಿದವರು ಮತ್ತು ಮಾಡಿಸಿದವರು

ಉಡುಪಿ ಆಸುಪಾಸಿನ ಕೋಲಗಳಲ್ಲಿ, ಅಂದರೆ ವೇಷ ಕಟ್ಟಿ ರಾತ್ರಿಯಿಡೀ ನಡೆಸುವ ದೈವಾರಾಧನೆಗಳಲ್ಲಿ, ಈಚೆಗೆ ಮೈಕಿನಲ್ಲಿ ಒಂದು ಮಾತು ಕಾಯಂ ಆಗಿದೆ. ದೈವ ಕಟ್ಟುವವರಿಗೆ ಎಣ್ಣೆ, ವೀಳ್ಯ ಕೊಡುವ ‘ಎಣ್ಣೆ ಬೂಳ್ಯ’ ಆಗಿ, ಅವರು ಬಣ್ಣಕ್ಕೆ ಕೂತ ಹೊತ್ತಿಗೆ ಸಮಿತಿಯವರೊಬ್ಬರು ಹೇಳುತ್ತಾರೆ: ‘ದಯವಿಟ್ಟು ಯಾರೂ ಮೊಬೈಲಿನಲ್ಲಿ ವಿಡಿಯೊ ಮಾಡಬಾರದು. ಇದು ಆರಾಧನೆ, ಮನರಂಜನೆ ಅಲ್ಲ.’ ನಾನು ಹೋಗಿದ್ದ ಒಂದು ಕಡೆ ಈ ಮಾತು ಹೇಳಿದವರ ಬೆನ್ನ ಹಿಂದೆಯೇ ಸಮಿತಿ ಗೊತ್ತು ಮಾಡಿದ ಯೂಟ್ಯೂಬ್ ಚಾನೆಲಿನ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂತಿತ್ತು. ಯಾರಿಗೂ ನಗು ಬರಲಿಲ್ಲ. ನನಗೂ ಅಲ್ಲಿ ಬರಲಿಲ್ಲ. ಬೈಕಿನಲ್ಲಿ ಮನೆಗೆ ಬರುವಾಗ ಬಂತು.

ಈ ಪ್ರಕಟಣೆಯ ಹಿಂದೆ ಮೂರು ವರ್ಷಗಳ ಗಲಾಟೆ ಇದೆ. 2022ರ ಸೆಪ್ಟೆಂಬರ್ ಕೊನೆಗೆ ‘ಕಾಂತಾರ’ ಬಂತು, 2025ರ ಅಕ್ಟೋಬರ್ 2ರಂದು ಅದರ ಹಿಂದಿನ ಕತೆಯ ಚಿತ್ರ. ಜನ ದೈವದ ವೇಷ ಹಾಕಿಕೊಂಡು ಥಿಯೇಟರಿಗೆ ಬಂದರು, ರೀಲ್ಸ್ ಮಾಡಿದರು. ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಗೋವಾದ ಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿ ನಟರೊಬ್ಬರು ದೈವವನ್ನು ಅಣಕಿಸಿ ಆಮೇಲೆ ಕ್ಷಮೆ ಕೇಳಿದರು. ಇಷ್ಟೆಲ್ಲ ಆಗುವಾಗ ಕರಾವಳಿಯಲ್ಲಿ ಒಂದು ಘೋಷವಾಕ್ಯ ಗಟ್ಟಿಯಾಯಿತು: ದೈವಾರಾಧನೆ ಕಲೆಯಲ್ಲ.

ಆದರೆ 2022ರ ಅಕ್ಟೋಬರಿನಲ್ಲಿ, ಮೊದಲ ಚಿತ್ರದ ಬಿಸಿಯಲ್ಲೇ, ರಾಜ್ಯ ಸರ್ಕಾರ 60 ವರ್ಷ ದಾಟಿದ ‘ದೈವ ನರ್ತಕ’ರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಪ್ರಕಟಿಸಿತ್ತು. ಸಂತೋಷ. ನರ್ತಕ ಎಂದರೆ ಕುಣಿಯುವವನು, ಅಂದರೆ ಕಲಾವಿದ. ಕಲಾವಿದ ಎಂದಾದರೆ ಸರ್ಕಾರದ ಎರಡು ಸಾವಿರಕ್ಕೆ ಅವನು ಅರ್ಹ. ಕಲೆಯಲ್ಲ ಎಂದಾದರೆ ಅವನು ಯಾವ ಇಲಾಖೆಯ ಬಾಗಿಲು ತಟ್ಟಬೇಕು? ರಾತ್ರಿಯಿಡೀ ಹತ್ತಾರು ಕೆ.ಜಿ. ತೂಕದ, ಪ್ರಭಾವಳಿಯಂಥ ಅಣಿ ಬೆನ್ನಿಗೆ ಕಟ್ಟಿ, ಬೆಂಕಿಯ ಪಕ್ಕ ನಿಂತು, ಐವತ್ತಕ್ಕೇ ಮೊಣಕಾಲು ಕಳೆದುಕೊಂಡವನ ಪಾಲಿಗೆ ‘ಕಲೆಯೆಂದರೇನು’ ಎಂಬುದು ಸೌಂದರ್ಯಶಾಸ್ತ್ರದ ತರಗತಿಯ ಪ್ರಶ್ನೆಯಲ್ಲ. ಅರ್ಜಿ ನಮೂನೆಯ ಪ್ರಶ್ನೆ.

‘ಕಲೆಯಲ್ಲ’ ಎನ್ನುವುದರೊಳಗೆ ಎರಡು ಮಾತು ಒಟ್ಟಿಗೆ ಕೂತಿವೆ. ನಮ್ಮದನ್ನು ಅಣಕಿಸಬೇಡಿ ಎನ್ನುವುದು ಒಂದು. ಅದರಲ್ಲಿ ತಪ್ಪೇನಿಲ್ಲ. ಇದು ದೈವದ ಕಟ್ಟಳೆ, ಆದ್ದರಿಂದ ಅಂಗಳದಲ್ಲಿ ಯಾರು ಕುರ್ಚಿಯಲ್ಲಿ ಕೂರಬೇಕು, ಯಾರು ಹೊರಗೆ ನಿಲ್ಲಬೇಕು, ಬೆಳಿಗ್ಗೆ ಯಾರ ಕೈಗೆ ಎಷ್ಟು ಸಲ್ಲಬೇಕು ಎಂದೆಲ್ಲ ಕೇಳಬೇಡಿ ಎನ್ನುವುದು ಇನ್ನೊಂದು. ಮೊದಲನೆಯದರ ಹೆಗಲೇರಿ ಎರಡನೆಯದು ಒಳಗೆ ಬರುತ್ತದೆ. ಹಾಗೆಂದು ‘ಆಹಾ, ಎಂಥ ಕಲೆ’ ಎನ್ನುವವರು ಸಾಚಾ ಎಂದೇನೂ ಅಲ್ಲ. ಮೆರವಣಿಗೆಯ ಟ್ಯಾಬ್ಲೊ ಮೇಲೆ, ಹೋಟೆಲಿನ ಲಾಬಿಯಲ್ಲಿ ದೈವದ ಮೊಗ ಇಟ್ಟು ಮೆಚ್ಚುವವರು ಅದನ್ನು ಹೊತ್ತವನ ಮನೆ ಯಾವ ಗುಡ್ಡದ ಬದಿಯಲ್ಲಿದೆ ಎಂದು ಕೇಳಿದ್ದು ಕಡಿಮೆ.

ಹಾಗಿದ್ದರೆ ಕೋಲ ಕಲೆಯೋ ಅಲ್ಲವೋ? ನಮ್ಮ ಪಕ್ಕದಲ್ಲೇ ಇರುವ ಯಕ್ಷಗಾನದ ಜೊತೆ ಇಟ್ಟು ನೋಡಬಹುದು. ಚೆಂಡೆ, ಬಣ್ಣ, ಅಹೋರಾತ್ರಿ, ಎಲ್ಲ ಒಂದೇ ಬಳ್ಳಿಯ ಕಾಯಿಗಳಂತೆ ಕಾಣುತ್ತವೆ. ಆದರೆ ಆಟಕ್ಕೆ ಹೋಗುವವನು ಮನೆಯ ತಗಾದೆ ಮರೆಯಲು ಹೋಗುತ್ತಾನೆ; ಕೋಲಕ್ಕೆ ಹೋಗುವವನು ಅದನ್ನೇ ಗಂಟು ಕಟ್ಟಿಕೊಂಡು ಹೋಗುತ್ತಾನೆ. ಗಡಿಕಲ್ಲು ಕಿತ್ತ ತಮ್ಮನ ಮೇಲಿನ ದೂರು, ಮದುವೆ ಕೂಡಿಬರದ ಮಗಳ ಚಿಂತೆ. ದೈವ ಅವನ ಹೆಸರು ಹಿಡಿದು ಕರೆಯುತ್ತದೆ, ನುಡಿ ಕೊಡುತ್ತದೆ. ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ರಸಾನುಭವಕ್ಕೆ ಏಳು ವಿಘ್ನಗಳನ್ನು ಎಣಿಸಿದ. ನೋಡುವವನು ತನ್ನ ಸ್ವಂತ ಸುಖದುಃಖಕ್ಕೆ ವಶವಾಗಿರುವುದು ಅವುಗಳಲ್ಲಿ ಒಂದು. ಅವನ ಲೆಕ್ಕದಲ್ಲಿ ರಂಗದ ಮೇಲಿನ ದುಃಖ ನನ್ನದೂ ಅಲ್ಲ, ಪರರದ್ದೂ ಅಲ್ಲ. ಹಾಗಿರುವುದರಿಂದಲೇ ಅದು ರಸ. ಕೋಲದ ಅಂಗಳದಲ್ಲಿ ಈ ನಿಯಮ ತಲೆಕೆಳಗು. ಅಲ್ಲಿಗೆ ನನ್ನ ದುಃಖವೇ ಪ್ರವೇಶಪತ್ರ. ಆ ಲೆಕ್ಕಕ್ಕೆ ‘ಕಲೆಯಲ್ಲ’ ಎನ್ನುವವರ ಮಾತು ನಿಜ.

ಆದರೆ ವಸ್ತುವಿನ ಜಾತಿ ಅಷ್ಟು ಗಟ್ಟಿಯಾದ್ದಲ್ಲ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇಗುಲದ ಹಳೆಯ ಮರದ ಉರುಗಳು (ದೈವದ ಮೂರ್ತಿಗಳು) ಇವತ್ತು ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಊರಲ್ಲಿ ಹೊಸ ಉರುಗಳಿಗೆ ಕೈ ಮುಗಿಯುತ್ತೇವೆ. ದಿಲ್ಲಿಯಲ್ಲಿ ಹಳೆಯವುಗಳ ಮುಂದೆ ಶಾಲಾ ಮಕ್ಕಳು ಸಾಲಾಗಿ ಹಾದುಹೋಗುತ್ತಾರೆ. ಮರ ಬದಲಾಗಿಲ್ಲ, ಉಳಿಯ ಗುರುತು ಬದಲಾಗಿಲ್ಲ. ಸುತ್ತ ನಿಂತವರು ಬದಲಾದರು, ಆರಾಧನೆ ಕಲೆಯಾಯಿತು. ಹಾಗಾಗಿ ಕಲೆಯೋ ಅಲ್ಲವೋ ಎಂದು ಹಗ್ಗ ಜಗ್ಗುವುದರಲ್ಲಿ ನನಗೆ ಈಗ ಆಸಕ್ತಿ ಕಡಿಮೆ. ಆ ಹೆಸರನ್ನು ಕೊಡುವವರು ಯಾರು, ಅದರಿಂದ ಯಾರಿಗೆ ಏನು ಸಿಗುತ್ತದೆ, ಯಾರ ಕೈ ತಪ್ಪುತ್ತದೆ ಎನ್ನುವುದು ಹೆಚ್ಚು ಮುಖ್ಯ.

ತುಳುನಾಡಿನ ಮಟ್ಟಿಗೆ ಈ ಪ್ರಶ್ನೆಗೆ ಪ್ಲೇಟೋನನ್ನೋ ಟಾಲ್‌ಸ್ಟಾಯ್‌ಯನ್ನೋ ಮೊದಲು ಕರೆಸಬೇಕಾಗಿಲ್ಲ. ಇಲ್ಲೇ ಕಲ್ಕುಡ ಇದ್ದಾನೆ.

ಅವನ ಪಾಡ್ದನದ, ಅಂದರೆ ದೈವದ ಹುಟ್ಟು ಹೇಳುವ ತುಳು ಹಾಡುಕತೆಯ, ಪಾಠಗಳು ಹಲವು. ತಿರುಳು ಹೀಗೆ: ಬೀರ ಕಲ್ಕುಡ ಶಿಲ್ಪಿ. ಕಾರ್ಕಳದ ಭೈರರಸನಿಗಾಗಿ ಗೊಮ್ಮಟನನ್ನು ಕಡೆಯುತ್ತಾನೆ. ಕೆಲಸ ಮುಗಿದ ಮೇಲೆ ಅರಸ ಕೊಡುವ ಉಡುಗೊರೆ ಒಂದು ಕೈ ಮತ್ತು ಒಂದು ಕಾಲು ಕಡಿಸುವುದು, ತನ್ನ ರಾಜ್ಯದಲ್ಲಿ ಕೆಲಸ ಮಾಡಿದ ಕಲ್ಕುಡ ಬೇರೆ ರಾಜ್ಯದಲ್ಲಿ ಇಂಥದ್ದು ಮಾಡಬಾರದು ಎಂದು. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲೇ ವೇಣೂರಿಗೆ ಹೋಗಿ ತಿಮ್ಮಣ್ಣ ಅಜಿಲನಲ್ಲಿ ಕೆಲಸ ಹಿಡಿಯುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಗತಿ ನೋಡುತ್ತಾಳೆ. ಇಬ್ಬರೂ ಮಾಯವಾಗುತ್ತಾರೆ, ದೈವಗಳಾಗಿ ಕಾರ್ಕಳದ ಅರಮನೆಗೆ ಮರಳಿ ಬಂದು ಲೆಕ್ಕ ಕೇಳುತ್ತಾರೆ. ಇವತ್ತು ಬಂಟ್ವಾಳದ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಅಗೆಲು (ಎಡೆ ಬಡಿಸುವ) ಹರಕೆ ಹೇಳಿಕೊಳ್ಳುವವರಲ್ಲಿ ಕಳವಾದವರು, ಮೋಸ ಹೋದವರು, ಕೋರ್ಟಿನಲ್ಲಿ ಸೋತವರು ಎಷ್ಟೋ ಜನ.

ಚರಿತ್ರೆಯ ಮೇಷ್ಟ್ರು ಕೆಂಪು ಶಾಯಿ ಹಿಡಿದರೆ ಈ ಪಾಡ್ದನ ಫೇಲು. ಕಾರ್ಕಳದ 42 ಅಡಿಯ ಗೊಮ್ಮಟ ನಿಂತದ್ದು 1432ರಲ್ಲಿ, ವೇಣೂರಿನ 35 ಅಡಿಯದ್ದು 1604ರಲ್ಲಿ. ನಡುವೆ 172 ವರ್ಷ. ಕೆಲವು ಪಾಠಗಳಲ್ಲಿ ಕಲ್ಕುಡನ ಅಪ್ಪ ಶಂಭು ಶ್ರವಣಬೆಳಗೊಳದಲ್ಲಿ, ಹತ್ತನೇ ಶತಮಾನದ ಗೊಮ್ಮಟನ ಊರಲ್ಲಿ, ಕೆಲಸ ಮಾಡಿದವನು; ಅದನ್ನೂ ಸೇರಿಸಿಕೊಂಡರೆ ಅಪ್ಪ ಮಗ ಸೇರಿ ಆರು ಶತಮಾನ ಉಳಿ ಹಿಡಿದಂತಾಯಿತು. ಅಂದರೆ ಇದು ಒಬ್ಬ ಶಿಲ್ಪಿಯ ಜೀವನಚರಿತ್ರೆಯಲ್ಲ. ಮೂರು ಊರುಗಳ ಮೂರು ಮೂರ್ತಿಗಳನ್ನು ಕಂಡ ಜನ, ಇವನ್ನು ಕಡೆದವನ ಗತಿ ಏನಾಯಿತು ಎಂದು ಕೇಳಿಕೊಂಡು ಕಟ್ಟಿದ ವಾದ. ತತ್ವಶಾಸ್ತ್ರ ಎಂಬ ಹೆಸರಿಲ್ಲದೆ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವ ಹೆಂಗಸರ ಬಾಯಲ್ಲಿ ಬೆಳೆದ ತತ್ವಶಾಸ್ತ್ರ.

ವಾದದಲ್ಲಿ ಏನೇನಿದೆ ನೋಡಿ. ಅರಸ ಅರಸಿಕನಲ್ಲ. ಕಲ್ಕುಡನ ಕೆಲಸ ಎಂಥದ್ದು ಎಂದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದದ್ದರಿಂದಲೇ ಕೈ ಕಡಿಸಿದ. ಕಲೆಯನ್ನು ಪ್ರೀತಿಸುವವನು ಒಳ್ಳೆಯವನಾಗಿರುತ್ತಾನೆ ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವಲ್ಲ, ಅದನ್ನು ಪಾಡ್ದನ ಒಂದೇ ಏಟಿಗೆ ಮುರಿಯುತ್ತದೆ. ಮತ್ತೆ, ಅರಸನ ಮೇಲಿನ ಆರೋಪ ಕೂಲಿ ಕೊಡಲಿಲ್ಲ ಎಂದಲ್ಲ. ಕೆಲಸಗಾರನು ಇನ್ನೊಂದು ಕಡೆ ಹೋಗಿ ಕೆಲಸ ಮಾಡುವ ದಾರಿ ಮುಚ್ಚಿದ ಎಂಬುದು ಆರೋಪ. ದೈವಗಳಾದ ಮೇಲೆ ಅಣ್ಣತಂಗಿ ಕಾಡಿದ್ದು ಅರಮನೆಯನ್ನು, ಗೊಮ್ಮಟನನ್ನು ಮುಟ್ಟಲಿಲ್ಲ. ಮೂರ್ತಿ ಇವತ್ತಿಗೂ ನಿಂತಿದೆ. ಅನ್ಯಾಯದಲ್ಲಿ ಹುಟ್ಟಿದ್ದು ಎಂಬ ಕಾರಣಕ್ಕೆ ಕೃತಿಯನ್ನು ಒಡೆಯಬೇಕಾಗಿಲ್ಲ, ಕೃತಿ ದೊಡ್ಡದು ಎಂಬ ಕಾರಣಕ್ಕೆ ಅನ್ಯಾಯವನ್ನು ಮರೆಯಬೇಕಾಗಿಯೂ ಇಲ್ಲ. ಕಲಾವಿದನ ನಡತೆ ಬೇರೆ, ಕೃತಿ ಬೇರೆ ಎಂದು ಜಗತ್ತು ಈಗ ತಲೆ ಕೆಡಿಸಿಕೊಳ್ಳುತ್ತಿದೆ. ಮಾಡಿಸಿದವನ ನಡತೆಯನ್ನು ಕೃತಿಯಿಂದ ಬೇರೆ ಮಾಡಿ ವಿಚಾರಣೆಗೆ ಎಳೆದದ್ದು ಕಲ್ಲುರ್ಟಿ.

(ಇದನ್ನು ಜೈನ ಅರಸರ ಮೇಲಿನ ದೂರಾಗಿ ಓದುವವರಿದ್ದಾರೆ. ಸುಲಭದ ಓದು, ಆದರೆ ವೇಣೂರಿನ ಅಜಿಲನೂ ಜೈನನೇ. ಅಂಗವಿಕಲನಿಗೆ ಕೆಲಸ ಕೊಟ್ಟವನು ಅವನು.)

ಮಾಡಿಸಿದವನು ಎಂದೆ. ಕನ್ನಡ ವ್ಯಾಕರಣದಲ್ಲಿ ಒಂದು ‘ಇಸು’ ಇದೆ. ಮಾಡು, ಮಾಡಿಸು. ಕಟ್ಟು, ಕಟ್ಟಿಸು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಹತ್ತನೇ ಶತಮಾನದ ಆ ಪುಟ್ಟ ಶಾಸನ ಹೇಳುವುದೂ ಅದನ್ನೇ: ‘ಶ್ರೀ ಚಾಮುಂಡರಾಜಂ ಮಾಡಿಸಿದಂ’. ಮಾಡಿಸಿದ್ದು ಚಾಮುಂಡರಾಯ, ಸರಿ. ಮಾಡಿದ್ದು? ಕಾರ್ಕಳದಲ್ಲೂ ಕಲ್ಲಿನ ಮೇಲೆ ನಿಂತ ಹೆಸರು ವೀರಪಾಂಡ್ಯನದು. ಕಡೆದವನ ಹೆಸರಿಗೆ ಪಾಡ್ದನಕ್ಕೇ ಹೋಗಬೇಕು. ಎಲ್ಲ ಕಡೆಯೂ ಹೀಗಿರಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೊರೆದಿಟ್ಟಿದ್ದಾರೆ. ಹೊಯ್ಸಳರ ಕಾಲದ ಮಲ್ಲಿತಮ್ಮನೂ ಅಷ್ಟೆ. ಆದ್ದರಿಂದ ‘ನಮ್ಮ ಪರಂಪರೆಯಲ್ಲಿ ಕಲಾವಿದ ಹೆಸರು ಬಯಸುತ್ತಿರಲಿಲ್ಲ’ ಎಂದು ಕಣ್ಣು ಮುಚ್ಚಿ ಹೇಳುವುದು ಸುಳ್ಳು. ಅವಕಾಶ ಸಿಕ್ಕವರು ಬರೆದರು.

ಈ ‘ಇಸು’ ನಮ್ಮ ಊರಿನ ಮಾತಿನಲ್ಲಿ ಇವತ್ತೂ ಜೀವಂತ. ಹರಕೆಯ ಆಟ ಆಡಿಸುತ್ತೇವೆ, ಕೋಲ ಮಾಡಿಸುತ್ತೇವೆ. ಆಮಂತ್ರಣ ಪತ್ರಿಕೆ ತೆಗೆದು ನೋಡಿ: ಅನ್ನಸಂತರ್ಪಣೆ ಯಾರದು, ಚಪ್ಪರ ಯಾರದು, ಸಿಡಿಮದ್ದು ಯಾರದು ಎಂದಿರುತ್ತದೆ. ದೈವ ಕಟ್ಟುವವರ ಹೆಸರು ಈಗೀಗ ಫ್ಲೆಕ್ಸುಗಳಲ್ಲಿ ಅಲ್ಲಲ್ಲಿ ಕಾಣಿಸುತ್ತಿದೆ, ಮುಕ್ಕಾಲು ಪಾಲು ಕಡೆ ಇಲ್ಲ. ಕೇಳಿದರೆ, ‘ಆ ಹೊತ್ತಿಗೆ ಅವರು ಅವರಲ್ಲ, ದೈವ ಅಲ್ಲವೋ ಮಾರಾಯ’ ಎಂಬ ಉತ್ತರ ಬರುತ್ತದೆ. ಉತ್ತರ ಚೆನ್ನಾಗಿದೆ. ಆ ಹೊತ್ತು ಕಳೆದ ಮೇಲೆ, ಮುಖದ ಅರದಾಳದ ಬಣ್ಣ ತೊಳೆದುಕೊಂಡ ಮೇಲೆ, ಅವರು ಯಾರು ಎಂಬುದಕ್ಕೆ ಆ ಉತ್ತರದಲ್ಲಿ ಜಾಗವಿಲ್ಲ.

ಹೀಗೆ ರಾತ್ರಿ ಕೈ ಮುಗಿದು ಬೆಳಿಗ್ಗೆ ದೂರ ನಿಲ್ಲಿಸುವುದು ತುಳುನಾಡಿನವರ ಸ್ವಂತ ಆವಿಷ್ಕಾರವೇನಲ್ಲ. ಭರತನ ನಾಟ್ಯಶಾಸ್ತ್ರವನ್ನು ಮೊದಲ ಅಧ್ಯಾಯದಿಂದಷ್ಟೇ ಓದಿ ಬಿಡುವವರು ಒಂದು ಒಳ್ಳೆಯ ಸುದ್ದಿ ಹೇಳುತ್ತಾರೆ: ವೇದವನ್ನು ಶೂದ್ರರು ಕೇಳುವ ಹಾಗಿಲ್ಲ, ಆದ್ದರಿಂದ ಎಲ್ಲ ವರ್ಣಗಳಿಗೂ ಸಲ್ಲುವ ಐದನೆಯ ವೇದವೊಂದನ್ನು ಮಾಡಿಕೊಡು ಎಂದು ದೇವತೆಗಳು ಬ್ರಹ್ಮನನ್ನು ಕೇಳಿದರು, ನಾಟ್ಯ ಹುಟ್ಟಿತು. ಕೊನೆಯ ಅಧ್ಯಾಯದಲ್ಲಿ ಏನಾಗುತ್ತದೆ ಎಂದು ಹೇಳುವವರು ಕಡಿಮೆ. ಭರತನ ಮಕ್ಕಳು, ಅಂದರೆ ನಟರು, ಋಷಿಗಳನ್ನು ಗೇಲಿ ಮಾಡುವ ಆಟ ಆಡುತ್ತಾರೆ. ಋಷಿಗಳು ಶಪಿಸುತ್ತಾರೆ: ನೀವು ಶೂದ್ರರಾಗಿ, ನಿಮ್ಮ ವಂಶವೂ ಹಾಗೇ ಆಗಲಿ. ನಾಟ್ಯ ಮಾತ್ರ ಉಳಿಯಬೇಕು, ಹಾಳಾಗಬಾರದು ಎಂದು ಎಲ್ಲರ ಒಪ್ಪಿಗೆ. ನೋಡುವವರಿಗೆ ಎಲ್ಲರಿಗೂ ಬಾಗಿಲು ತೆರೆದ ಗ್ರಂಥ ಮುಗಿಯುವ ಹೊತ್ತಿಗೆ ಆಡುವವರನ್ನು ಹೊರಗೆ ನಿಲ್ಲಿಸಿಬಿಡುತ್ತದೆ. ಕಲೆ ಬೇಕು, ಕಲಾವಿದನ ಬಾಯಿ ಬೇಡ. ಈ ಒಪ್ಪಂದವನ್ನು ಇಷ್ಟು ಪ್ರಾಮಾಣಿಕವಾಗಿ ಬರೆದಿಟ್ಟ ಗ್ರಂಥ ಮತ್ತೊಂದನ್ನು ನಾನು ಕಂಡಿಲ್ಲ.

ಪ್ಲೇಟೋ ತನ್ನ ಆದರ್ಶ ರಾಜ್ಯದಿಂದ ಕವಿಯನ್ನೇ ಹೊರಗೆ ಕಳಿಸಿದ; ಅವನಿಗೆ ಕೃತಿಯೇ ಅಪಾಯ. ಟಾಲ್‌ಸ್ಟಾಯ್ 1890ರ ದಶಕದ ಕೊನೆಯಲ್ಲಿ ಕಲೆ ಎಂದರೇನು ಎಂದು ಬರೆಯಲು ಕೂತಾಗ ಮೊದಲು ಹೇಳಿದ್ದು ಸೌಂದರ್ಯದ ವ್ಯಾಖ್ಯೆಯನ್ನಲ್ಲ, ಒಂದು ಒಪೆರಾ ತಾಲೀಮಿನಲ್ಲಿ ಕಲಾವಿದರ ಮೇಲೆ ಸುರಿದ ಬೈಗುಳವನ್ನು. ಇಷ್ಟು ಜನರ ದುಡಿಮೆ, ಇಷ್ಟು ಅವಮಾನ ಯಾವುದಕ್ಕಾಗಿ ಎಂಬಲ್ಲಿಂದ ಅವನ ಪ್ರಶ್ನೆ ಶುರು. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ನಮ್ಮ ತಾಳಮದ್ದಲೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನೇ ಕಟಕಟೆಗೆ ತರುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ರಾಮ ಪೂರ್ತಿ ಗೆದ್ದ ಎಂದು ಅನ್ನಿಸಿರಲಿಕ್ಕಿಲ್ಲ. ಅಂದರೆ ಕಲೆಯ ಒಳಗೆ ನ್ಯಾಯದ ಚರ್ಚೆ ನಮಗೆ ಹೊಸದಲ್ಲ, ದೇವರನ್ನು ಪ್ರಶ್ನಿಸುವಷ್ಟು ಧೈರ್ಯವೂ ಇದೆ. ಪ್ರಶ್ನೆ ರಂಗದಿಂದ ಕೆಳಗಿಳಿದು ಸಂಬಳ, ಕುರ್ಚಿ, ಊಟದ ಪಂಕ್ತಿಯ ಕಡೆ ತಿರುಗಿದರೆ ಮಾತ್ರ ‘ಅದೆಲ್ಲ ಯಾಕೆ ಈಗ’ ಎನ್ನುತ್ತೇವೆ.

ಹಾಗೆ ಕೆಳಗಿಳಿದು ನೋಡಿದರೆ ಸಿಗುವ ಅತಿ ಕಠಿಣ ಉದಾಹರಣೆ ಕೊರಗರ ಡೋಲು.

ಕೊರಗರು ಬುಟ್ಟಿ ಹೆಣೆಯುವ ಮೂಲನಿವಾಸಿಗಳು. ಕರ್ನಾಟಕದಲ್ಲಿ ಅತಿ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿದ ಎರಡರಲ್ಲಿ ಒಂದು, ಇನ್ನೊಂದು ಜೇನು ಕುರುಬರು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬಳಿ ಇಬ್ಬನಿಯಲ್ಲಿ ಕೂತು ಡೋಲು ಬಡಿಯುವುದು ಅವರ ಪಾಲಿಗೆ ಬಂದ ಕೆಲಸ. ತುಳುವಿನಲ್ಲಿ ಅದಕ್ಕೆ ‘ಪನಿ ಕುಲ್ಲುನಿ’ ಎಂಬ ಕವಿತೆಯಂಥ ಹೆಸರಿದೆ. ಹೆಸರು ಕೇಳಿ ಮರುಳಾಗಬಾರದು. ಕೋಣಗಳಿಗೆ ಮೊದಲು ಅವರನ್ನು ಗದ್ದೆಯಲ್ಲಿ ಓಡಿಸುವುದು, ಕೂದಲು ಉಗುರು ಬೆರೆಸಿದ ಅನ್ನ ಕೊಟ್ಟು ನಮ್ಮ ಮನೆಯ ಕಾಯಿಲೆ ಕಸಾಲೆ ಅವರ ಮೈಗೆ ದಾಟಿಸುವುದು, ಇದೆಲ್ಲ ಸೇರಿ ‘ಅಜಲು’. 2000ದಲ್ಲಿ ಕರ್ನಾಟಕ ಇದನ್ನು ನಿಷೇಧಿಸಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು. ಒಂದೇ ಒಂದು ಸಮುದಾಯದ ಮೇಲಿನ, ಒಂದೇ ಒಂದು ಪದ್ಧತಿಯ ವಿರುದ್ಧ ಒಂದು ಕಾಯ್ದೆ ಬೇಕಾಯಿತು ಎಂದರೆ ಆ ಪದ್ಧತಿ ಎಷ್ಟು ಆಳಕ್ಕೆ ಬೇರು ಬಿಟ್ಟಿರಬೇಕು.

ಕಾಯ್ದೆ ಬಂದ ಮೇಲೆ ಒಂದು ವಿಚಿತ್ರ ಗೊಂದಲ ಎದುರಾಯಿತು. ಡೋಲು ಕಲೆಯೋ ಅಜಲೋ? ಜಾತ್ರೆಯಲ್ಲಿ ಕೊರಗರನ್ನು ಗೋಡೆಯಾಚೆ ನಿಲ್ಲಿಸಿ ಬಡಿಸಿದರೆ ಅಪರಾಧ. ಕೊರಗ ಯುವಕರೇ ತಂಡ ಕಟ್ಟಿಕೊಂಡು, ಅಂಗಿ ಹಾಕಿ, ವೇದಿಕೆ ಹತ್ತಿ ಬಡಿದರೆ? ಅದೇ ಡೋಲು, ಅದೇ ಪೆಟ್ಟು. ಕಣ್ಣು ಮುಚ್ಚಿ ಕೇಳಿದರೆ ವ್ಯತ್ಯಾಸ ಹೇಳಲು ನನ್ನಿಂದಾಗದು, ಸಂಗೀತ ವಿಮರ್ಶಕರಿಂದಲೂ ಆಗಲಿಕ್ಕಿಲ್ಲ. ಆ ಸಮುದಾಯದ ಒಳಗೂ ಈ ಬಗ್ಗೆ ಎರಡು ಅಭಿಪ್ರಾಯಗಳಿವೆ. ಡೋಲು ಮುಟ್ಟಲೇಬಾರದು, ಅದರ ನೆನಪೇ ಹೊಲಸು ಎನ್ನುವವರಿದ್ದಾರೆ. ನಮ್ಮ ಹಿರಿಯರ ನಾದವನ್ನು ಅವಮಾನ ಮಾಡಿದವರಿಗೆ ಯಾಕೆ ಬಿಟ್ಟುಕೊಡಬೇಕು ಎನ್ನುವವರೂ ಇದ್ದಾರೆ. ಹೊರಗಿನವನಾದ ನಾನು ತೀರ್ಪು ಕೊಡುವ ವಿಷಯ ಇದಲ್ಲ.

ಆದರೆ ಈ ಡೋಲಿನಿಂದ ನಾನು ಒಂದು ವಿಷಯ ಕಲಿತೆ. ಕಲೆಯನ್ನು ಚಾಕರಿಯಿಂದ ಬೇರೆ ಮಾಡುವುದು ನಾದದಲ್ಲಿಲ್ಲ, ಬಣ್ಣದಲ್ಲಿಲ್ಲ, ಭಕ್ತಿಯಲ್ಲೂ ಇಲ್ಲ. ‘ಈ ವರ್ಷ ನಾನು ಬರುವುದಿಲ್ಲ’ ಎಂದು ಹೇಳಲು ಸಾಧ್ಯವೇ ಎನ್ನುವುದರಲ್ಲಿದೆ. ಇಲ್ಲ ಎಂದರೆ ಏನಾಗುತ್ತದೆ? ಮುಂದಿನ ವರ್ಷ ಕರೆಯುವುದಿಲ್ಲ, ಅಷ್ಟೆಯೋ? ಅಥವಾ ನೀರು, ದಾರಿ, ಕೆಲಸ, ಮಗನ ಮದುವೆ, ಎಲ್ಲಕ್ಕೂ ಕುತ್ತೋ? ಕಾರ್ಕಳದ ಅರಸ ಕಡಿಸಿದ್ದು ಕೈಯನ್ನಾದರೂ ಕಿತ್ತುಕೊಂಡದ್ದು ಬೇರೆ ಕಡೆ ಹೋಗುವ ಸ್ವಾತಂತ್ರ್ಯವನ್ನು ಎಂದು ಆಗ ಹೇಳಿದೆನಲ್ಲ, ಅದೂ ಇದೇ.

ಇದೇ ಅಳತೆಗೋಲನ್ನು ಕೋಲದ ಅಂಗಳಕ್ಕೆ ತಂದರೆ ಚಿತ್ರ ಕಲಸಿಹೋಗುತ್ತದೆ. ನಲಿಕೆ, ಪಂಬದ, ಪರವ ಸಮುದಾಯಗಳ ಕುಟುಂಬಗಳಿಗೆ ಇಂತಿಂಥ ಊರಿನ ಇಂತಿಂಥ ದೈವ ಎಂಬ ಕಟ್ಟು ಇದೆ. ಇದು ಹೊರೆಯೂ ಹೌದು, ಹಕ್ಕೂ ಹೌದು. ಬೇರೆಯವರು ಬಂದು ಆ ಜಾಗಕ್ಕೆ ಗಗ್ಗರ (ದೈವದ ಕಾಲ್ಗೆಜ್ಜೆ) ಕಟ್ಟುವಂತಿಲ್ಲ. ಹಿಂದೆ ಇದಕ್ಕೆ ಉಂಬಳಿ ಇತ್ತು, ಭತ್ತ ಇತ್ತು, ಗುತ್ತಿನ, ಅಂದರೆ ಊರಿನ ದೊಡ್ಡ ಭೂಮಾಲೀಕ ಮನೆಯ, ಯಜಮಾನನ ಒತ್ತಾಯವೂ ಇತ್ತು. 1974ರ ಭೂಸುಧಾರಣೆ ಕರಾವಳಿಯಲ್ಲಿ ನಡೆದಷ್ಟು ಗಟ್ಟಿಯಾಗಿ ರಾಜ್ಯದ ಬೇರೆ ಕಡೆ ನಡೆದದ್ದು ಕಡಿಮೆ. ಗುತ್ತುಗಳ ಗದ್ದೆ ಗೇಣಿದಾರರದಾಯಿತು. ದೈವದ ಭಂಡಾರ ಚಾವಡಿಯಲ್ಲಿ ಉಳಿಯಿತು, ಖರ್ಚು ಊರಿನ ಸಮಿತಿಗೆ ಬಂತು. ಮಾಡಿಸುವವರು ಬದಲಾದರು. ಕಟ್ಟುವವರ ಮನೆತನ ಅದೇ, ಅವರು ನಿಲ್ಲುವ ಜಾಗವೂ ಹೆಚ್ಚುಕಡಿಮೆ ಅದೇ. ಅಣಿ ಹೊತ್ತಾಗ ಗುತ್ತಿನವರನ್ನೂ ಬಲ್ಲಾಳರನ್ನೂ ಹೆಸರು ಹಿಡಿದು ಗದರುವ ಅಧಿಕಾರ ಅವರದು. ಆ ಗದರಿಕೆಯ ಗಡುವು ಬೆಳಗಿನವರೆಗೆ.

ಈ ಗದರಿಕೆಯನ್ನೇ ಹಿಡಿದು, ‘ನಮ್ಮಲ್ಲಿ ಅಸಮಾನತೆ ಎಲ್ಲಿದೆ, ದಲಿತನ ಮುಂದೆ ಇಡೀ ಊರು ಕೈ ಮುಗಿಯುತ್ತದೆ’ ಎನ್ನುವವರಿದ್ದಾರೆ. ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ಕೊಟ್ಟ ಒಂದು ಪರೀಕ್ಷೆ ಇಲ್ಲಿ ಚೆನ್ನಾಗಿ ಕೂರುತ್ತದೆ. ಸಮಾಜದ ನಿಯಮ ಬರೆಯಿರಿ, ಆದರೆ ಅದರಲ್ಲಿ ನಿಮ್ಮ ಜಾಗ ಯಾವುದು ಎಂದು ಗೊತ್ತಿಲ್ಲದೆ ಬರೆಯಿರಿ ಎಂದ ಅವನು. ಕೋಲದ ಅಂಗಳದಲ್ಲಿ ನಿಂತು ಹೀಗೆ ಕೇಳಬಹುದು: ಇನ್ನೊಂದು ಜನ್ಮದಲ್ಲಿ ನೀವು ಚಾವಡಿಯ ಕುರ್ಚಿಯ ಮನೆಯಲ್ಲಿ ಹುಟ್ಟುತ್ತೀರೋ, ದೀವಟಿಗೆ ಹಿಡಿಯುವ ಮಡಿವಾಳರ ಮನೆಯಲ್ಲೋ, ಎಳೆ ತೆಂಗಿನ ಗರಿ ಸೀಳುವವರ ಮನೆಯಲ್ಲೋ ಗೊತ್ತಿಲ್ಲ, ಈಗ ಹೇಳಿ, ಒಂದು ರಾತ್ರಿಯ ದೈವತ್ವ ಮತ್ತು ಉಳಿದ ದಿನಗಳ ಬದುಕು, ಈ ವಿನಿಮಯಕ್ಕೆ ಸಹಿ ಹಾಕುತ್ತೀರಾ? ನನಗೆ ಗೊತ್ತಿರುವ ಕುರ್ಚಿಯ ಮನೆಯವರು ಈ ಪ್ರಶ್ನೆಗೆ ನಕ್ಕಿದ್ದಾರೆ, ಉತ್ತರ ಹೇಳಿಲ್ಲ.

ಇಷ್ಟಾದರೂ ಒಂದು ಮಾತನ್ನು ಒಪ್ಪಲೇಬೇಕು. ‘ಇಲ್ಲ’ ಎನ್ನುವ ಹಕ್ಕನ್ನು ಪೂರ್ತಿ ಕೊಟ್ಟರೆ ಕೋಲವೇ ನಿಂತುಹೋಗಬಹುದು. ನೇಜಿ ನೆಡುವುದು ಕಡಿಮೆಯಾದಂತೆ ಗದ್ದೆಯ ಪಾಡ್ದನ ಅಡಗಿತು. ಬಣ್ಣದ ಹೊತ್ತಿಗೆ ತೆಂಬರೆ ಎಂಬ ಚರ್ಮವಾದ್ಯ ಬಡಿದು ಪಾಡ್ದನ ಹಾಡುವ ತಾಯಂದಿರಿಗೆ ವಯಸ್ಸಾಯಿತು, ಮಗಳು ಎಂ.ಕಾಂ. ಮಾಡಿ ಬ್ಯಾಂಕಿನಲ್ಲಿದ್ದಾಳೆ. ಅವಳು ಹಾಡದಿದ್ದರೆ ನಷ್ಟವೋ? ಖಂಡಿತ ನಷ್ಟ. ಆ ನಷ್ಟವನ್ನು ತುಂಬಿಕೊಡುವ ಹೊಣೆ ಅವಳದೊಬ್ಬಳದೇ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಪರಂಪರೆ ಊರಿಡೀಯದಾದರೆ ಅದನ್ನು ಉಳಿಸುವ ಭಾರವೂ ಊರಿಡೀಯದಾಗಬೇಕಲ್ಲ.

ಭಾರದ ಮಾತು ಬಂದದ್ದರಿಂದ ಒಡೆತನದ ಮಾತು. ಮೊದಲ ‘ಕಾಂತಾರ’ದ ಒಂದು ಹಾಡಿನ ಬಗ್ಗೆ ಕೇರಳದ ವಾದ್ಯತಂಡವೊಂದು 2022ರಲ್ಲಿ ಕೋರ್ಟಿಗೆ ಹೋಯಿತು, ಇದು ನಮ್ಮದರ ನಕಲು ಎಂದು. ಯಾರದು ಸರಿ ಎಂಬುದು ಇಲ್ಲಿ ಮುಖ್ಯವಲ್ಲ; ಹಾಡಿಗೆ ಒಡೆಯನಿದ್ದಾನೆ, ಅವನು ಕೋರ್ಟಿಗೆ ಹೋಗಬಲ್ಲ. ಪಾಡ್ದನಕ್ಕೆ ಕರ್ತೃ ಇಲ್ಲ, 1957ರ ಕೃತಿಸ್ವಾಮ್ಯ ಕಾಯ್ದೆಗೆ ಕರ್ತೃ ಬೇಕು. ಮಟ್ಟುಗುಳ್ಳವೆಂಬ ಬದನೆಗೆ, ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ಇದೆ. ಬದನೆಕಾಯಿಗೆ ಇರುವ ದಾಖಲೆ ಕಲ್ಲುರ್ಟಿಯ ಕತೆಗೆ ಇಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮೂಲೆ ಇದೆ, ನಮ್ಮ ಕಡೆ ಯಾರೂ ಅದನ್ನು ಎತ್ತಿದ್ದನ್ನು ಕೇಳಿಲ್ಲ. 1994ರ ತಿದ್ದುಪಡಿಯಲ್ಲಿ ‘ಪ್ರದರ್ಶಕ’ ಎಂಬ ವ್ಯಾಖ್ಯೆ ಸೇರಿತು. ಪಟ್ಟಿ ಸ್ವಾರಸ್ಯವಾಗಿದೆ: ನಟ, ಗಾಯಕ, ನರ್ತಕ, ಜಾದೂಗಾರ, ಹಾವಾಡಿಗ, ಭಾಷಣ ಮಾಡುವವನು, ಮತ್ತು ಪ್ರದರ್ಶನ ನೀಡುವ ಇನ್ಯಾರೇ ಆಗಲಿ. ಇವರ ಒಪ್ಪಿಗೆಯಿಲ್ಲದೆ ಪ್ರದರ್ಶನವನ್ನು ಚಿತ್ರೀಕರಿಸಿ ಮಾರುವಂತಿಲ್ಲ. ಆ ಹಕ್ಕು 50 ವರ್ಷ. ಹಾವಾಡಿಗನನ್ನು ಬಿಡದ ಕಾಯ್ದೆ ದೈವ ಕಟ್ಟುವವನನ್ನು ಹೊರಗಿಡುತ್ತದೆಯೇ? ಓದಿದರೆ ಹಾಗೆ ಕಾಣುವುದಿಲ್ಲ. ಆದರೆ ‘ಇದು ಪ್ರದರ್ಶನವೇ ಅಲ್ಲ, ಆರಾಧನೆ’ ಎಂದು ಮೈಕಿನಲ್ಲಿ ದಿನಾ ಹೇಳಿಸಿದರೆ ಅವನು ತಾನಾಗಿ ಪಟ್ಟಿಯಿಂದ ಹೊರಬೀಳುತ್ತಾನೆ.

ಆ ರಾತ್ರಿಯ ಕ್ಯಾಮೆರಾ ನೆನಪಿದೆಯಲ್ಲ. ಚಾನೆಲಿನವರನ್ನು ಕರೆದವರು ಸಮಿತಿಯವರು, ಒಪ್ಪಿಗೆ ಕೊಟ್ಟವರೂ ಅವರೇ. ವಿಡಿಯೊದಲ್ಲಿ ಮೂರು ಗಂಟೆ ಕಾಣುವ ಮುಖದವನನ್ನು ಯಾರಾದರೂ ಕೇಳಿದರೇ ಎಂದು ವಿಚಾರಿಸಿದೆ. ‘ಅವರನ್ನು ಯಾಕೆ ಕೇಳಬೇಕು, ಕೋಲ ನಮ್ಮದಲ್ಲವೋ’ ಎಂದರು. ಬೇಸರದಿಂದಲ್ಲ, ನಿಜವಾದ ಆಶ್ಚರ್ಯದಿಂದ.

ನನಗೆ ಪರಿಚಯದ ಒಬ್ಬ ಹುಡುಗ ಇದ್ದಾನೆ. ಮಣಿಪಾಲದಲ್ಲಿ ಕೆಲಸ, ಕಂಪ್ಯೂಟರಿನ ಮುಂದೆ. ಅಪ್ಪನ ಮೊಣಕಾಲು ಹೋದ ಮೇಲೆ ನಾಲ್ಕು ವರ್ಷದಿಂದ ಗಗ್ಗರ ಇವನ ಕಾಲಿಗೆ ಬಂದಿದೆ. ಕೋಲದ ಹಿಂದಿನ ದಿನದಿಂದ ರಜೆ ಹಾಕಬೇಕು. ರಜೆಯ ಅರ್ಜಿಯಲ್ಲಿ ಕಾರಣ ಎಂಬ ಕಾಲಂ ಇದೆ. ಏನು ಬರೆಯುತ್ತೀ ಎಂದು ಕೇಳಿದೆ. ‘ಮನೆಯಲ್ಲಿ ಕಾರ್ಯಕ್ರಮ’ ಎಂದ. ಮೊದಲ ವರ್ಷ ದೈವಾರಾಧನೆ ಎಂದು ಬರೆದಿದ್ದನಂತೆ. ಮೇಲಿನವರು ಕರೆದು, ‘ಓ, ನೀನು ಆ ಸಿನಿಮಾದ ಹಾಗೆ ಮಾಡುತ್ತೀಯಾ, ಒಮ್ಮೆ ಕೂಗಿ ತೋರಿಸು’ ಎಂದರಂತೆ.

ಅವರ ಕಟ್ಟಿನ ಮನೆಗಳಲ್ಲಿ ಒಂದು ಕಡೆ ಬೆಳಿಗ್ಗೆ ಊಟ ಕೊಡುವ ಜಾಗದ ಬಗ್ಗೆ ಅವನಿಗೆ ಮೊದಲಿನಿಂದ ಅಸಮಾಧಾನ. ಹೋದ ವರ್ಷ ಅಲ್ಲಿಗೆ ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿಬಿಟ್ಟ. ಅಪ್ಪ ಎರಡು ದಿನ ಮಾತಾಡಲಿಲ್ಲ. ಆ ಮನೆಯವರು ದೂರದ ಬೇರೆ ಕುಟುಂಬವನ್ನು ಒಪ್ಪಿಸಿ ಕೋಲ ಮುಗಿಸಿದರು. ಈ ವರ್ಷ ಪತ್ತನಾಜೆಗೆ, ಅಂದರೆ ಕೋಲಗಳ ಋತು ಮುಗಿಯುವ ದಿನಕ್ಕೆ, ಮೊದಲು ಒಂದು ದಿನ ಇಟ್ಟುಕೊಂಡಿದ್ದಾರಂತೆ, ಮತ್ತೆ ಫೋನ್ ಬಂದಿದೆ. ಊಟದ ಜಾಗದ ವಿಷಯ ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ನಾಲ್ಕು ದಿನ ಬಿಟ್ಟು ಹೇಳುತ್ತೇನೆ ಎಂದು ಇಟ್ಟಿದ್ದಾನೆ.